ಇಬ್ಬರದ್ದೂ ಸರಿ

ಗರ್ರೆಂದು ಶುರುವಾದ ಮಿಕ್ಸಿ ಮುಗ್ಗರಿಸಿತು, ಕೆಮ್ಮಿತು, ಮತ್ತೆ ಗರ್ರೆಂದಿತು. ಸರ್ವಿಸ್ ಸೆಂಟರಿನ ಹಿಂದಿನ ಕೋಣೆಯಲ್ಲಿ ಮೆಕ್ಯಾನಿಕ್ ಅದನ್ನು ಓಡಿಸಿ ನೋಡುತ್ತಿದ್ದ. ಮುಂಭಾಗದ ದೂರು ಕೌಂಟರಿನಲ್ಲಿ, ಗಿರಾಕಿಗಳಿಲ್ಲದ ಮಧ್ಯಾಹ್ನದ ಬಿಡುವಿನಲ್ಲಿ, ಅವಳು ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಅವಳು ಒಂದು ಪ್ರಶ್ನೆ ಓದುವುದು, ಮಿಕ್ಸಿ ಅದನ್ನು ರುಬ್ಬಿ ಹಾಕುವುದು, ಮತ್ತೆ ಮೊದಲಿನಿಂದ ಓದುವುದು, ಹೀಗೆಯೇ ನಡೆದಿತ್ತು.

ಅವಳ ಕೆಲಸವೆಂದರೆ ಬೈಸಿಕೊಳ್ಳುವುದು. ಸುಟ್ಟ ಇಸ್ತ್ರಿಪೆಟ್ಟಿಗೆ ಹಿಡಿದು ಕೆಂಡವಾಗಿ ಬಂದವರನ್ನು ತಣ್ಣಗೆ ಮಾಡಿ ಕಳಿಸಬೇಕು. ‘ನೀವು ಹೇಳೋದೂ ಸರಿ, ಕಂಪನಿ ಹೇಳೋದೂ ಸರಿ’ ಎಂಬ ಮಾತು ನಾಲಿಗೆಗೆ ಎಷ್ಟು ಒಗ್ಗಿಹೋಗಿತ್ತೆಂದರೆ ಮೆಕ್ಯಾನಿಕ್ ಅವಳಿಗೆ ‘ಸಮಾಧಾನಮ್ಮ’ ಎಂದೇ ಹೆಸರಿಟ್ಟಿದ್ದ. ಒಮ್ಮೆ ಒಬ್ಬ ಅಜ್ಜಿ ಆಗಲೇ ರಿಪೇರಿ ಮಾಡಿಸಿಕೊಂಡು ಹೋಗಿದ್ದ ಹೀಟರನ್ನು ಮತ್ತೆ ತಂದು, “ನೀನೇ ಹೇಳಮ್ಮ, ತಪ್ಪು ನಂದಾ?” ಎಂದು ಕೇಳಿದ್ದಳು. ತಪ್ಪು ಅಜ್ಜಿಯದಲ್ಲವೆಂದು ಇವಳಿಗೆ ಗೊತ್ತಿತ್ತು. ಆದರೂ ಬಾಯಿಂದ ಬಂದದ್ದು ಅದೇ ಮಾತು. ಅಜ್ಜಿ ಹೀಟರನ್ನು ಟವೆಲ್ಲಿನಲ್ಲಿ ಸುತ್ತಿ, ನಿದ್ದೆಹೋದ ಮಗುವಿನಂತೆ ಎತ್ತಿಕೊಂಡು ಹೋದಳು. ಆ ವಾರವೇ ಇವಳು ಸಂಜೆ ಕಾನೂನು ಕಾಲೇಜಿಗೆ ಅರ್ಜಿ ಹಾಕಿದ್ದು. ಒಂದು ಸಲವಾದರೂ ಯಾರ ಮುಂದಾದರೂ ‘ತಪ್ಪು ನಿಮ್ಮದಲ್ಲ’ ಎಂದು ಗಟ್ಟಿಯಾಗಿ ಹೇಳಬೇಕಿತ್ತು ಅವಳಿಗೆ.

ಆದರೆ ಪರೀಕ್ಷೆ ಕೈಹಿಡಿಯಬೇಕಲ್ಲ. ತರ್ಕದ ಪ್ರಶ್ನೆಗಳಲ್ಲಿ ಇಬ್ಬರ ವಾದ ಕೊಟ್ಟು ಯಾರದ್ದು ನಿಲ್ಲುತ್ತದೆ ಎಂದು ಕೇಳಿದರೆ, ಪೆನ್ಸಿಲ್ಲು ತಾನಾಗಿಯೇ ಯಾರಿಗೂ ನೋವಾಗದ ಉತ್ತರದ ಕಡೆ ಜಾರುತ್ತಿತ್ತು.

“ಮತ್ತೆ ತಪ್ಪಾ?” ಕೈ ಒರೆಸಿಕೊಳ್ಳುತ್ತಾ ಮೆಕ್ಯಾನಿಕ್ ಹೊರಗೆ ಬಂದ.

“ಸಾಲಾಗಿ ತಪ್ಪು. ಈ ಪ್ರಶ್ನೆ ಬರೆಯೋರಿಗೆ ಸ್ವಲ್ಪ ಅನುಸರಿಸಿಕೊಂಡು ಹೋಗೋಕೆ ಬರಲ್ವಾ?”

“ಸಮಾಧಾನಮ್ಮ, ನಾಲ್ಕು ಉತ್ತರದಲ್ಲಿ ಮೂರನ್ನ ತಪ್ಪು ಅಂತಾನೇ ಬರೆದಿರ್ತಾರೆ. ಅವುಗಳ ಮೇಲೆ ಯಾಕೆ ಕನಿಕರ? ನಾಳೆ ಬಂದು ನಿಮಗೆ ಬೈತಾವಾ?”

“ನಿಮ್ಮ ಮಾತೂ ಸರಿ,” ಎಂದವಳೇ ತುಟಿ ಕಚ್ಚಿಕೊಂಡಳು.

ಮನೆಯಲ್ಲೂ ಅದೇ ಕೌಂಟರು. ಅಣ್ಣ ಅಂಗಡಿ ಬೋರ್ಡುಗಳನ್ನು ಬರೆಯುವವನು. ಬಣ್ಣ ಒಣಗಲು ಮುಂದಿನ ಕೋಣೆಯ ಕಿಟಕಿ ತೆರೆದಿರಬೇಕು. ಅಲ್ಲೇ ಮಲಗುವ ಅಮ್ಮನಿಗೆ ಗಾಳಿ ಸೋಕಿದರೆ ಕೆಮ್ಮು. ಜಗಳ ಇವಳ ಮುಂದೆ ಬಂದಾಗಲೆಲ್ಲ ಇವಳು ರಟ್ಟಿನ ಚೂರೊಂದನ್ನು ಮಡಚಿ ಸಿಕ್ಕಿಸಿ ಕಿಟಕಿಯನ್ನು ಅರ್ಧಕ್ಕೆ ನಿಲ್ಲಿಸುವಳು. ಬಣ್ಣವೂ ಒಣಗುತ್ತಿರಲಿಲ್ಲ, ಕೆಮ್ಮೂ ನಿಲ್ಲುತ್ತಿರಲಿಲ್ಲ. ಹೋದ ವರ್ಷ ಪರೀಕ್ಷೆಯ ದಿನವೂ ಇಬ್ಬರನ್ನೂ ಸಮಾಧಾನ ಮಾಡುತ್ತಾ ನಿಂತಿದ್ದಳು; ಅವಳು ಹೋಗುವಷ್ಟರಲ್ಲಿ ಪರೀಕ್ಷಾ ಕೇಂದ್ರದ ಗೇಟು ಹಾಕಿಯಾಗಿತ್ತು.

ಈ ವರ್ಷದ ಪರೀಕ್ಷೆಯ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅಣ್ಣ ಬಾಗಿಲಿಗೆ ಅಡ್ಡ ನಿಂತ.

“ವಕೀಲಮ್ಮ ಹೇಳ್ಬಿಡ್ಲಿ ಇವತ್ತು. ಬೋರ್ಡು ಇನ್ನೂ ಹಸಿ ಇದೆ. ಅಂಗಡಿಯವನಿಗೆ ನಾನೇನು ಉತ್ತರ ಕೊಡ್ಲಿ?”

“ಬಸ್ಸಿಗೆ ಹೊತ್ತಾಯ್ತು ಅಣ್ಣ.”

“ಒಂದು ಮಾತಿಗೆ ಎಷ್ಟು ಹೊತ್ತು ಬೇಕೇ?” ಒಳಗಿನಿಂದ ಅಮ್ಮ. “ನನ್ನ ಎದೆ ಹರಿದು ಹೋಗ್ತಿದೆ, ಇವನಿಗೆ ಬೋರ್ಡಿನ ಚಿಂತೆ.”

“ಆ ಬೋರ್ಡಿಂದಾನೇ ನಿನ್ನ ಔಷಧಿ ಬರೋದು.”

‘ಇಬ್ಬರದ್ದೂ’ ಎಂಬುದು ಗಂಟಲವರೆಗೆ ಬಂದಿತ್ತು. ಅವಳ ಕಣ್ಣು ಕಿಟಕಿಯ ರಟ್ಟಿನ ಮೇಲೆ ಬಿತ್ತು. ಮಡಚಿ ಮಡಚಿ ಅದರ ಅಂಚು ಹಳೆಯ ಬಟ್ಟೆಯಂತೆ ಮೆತ್ತಗಾಗಿತ್ತು. ಅದನ್ನು ಕಿತ್ತು ಕಿಟಕಿ ಹಾಕಿದಳು. ಚಿಲಕ ಸರಕ್ಕನೆ ಕೂತಿತು.

“ಅಮ್ಮಂದು ಸರಿ. ಬೋರ್ಡುಗಳನ್ನ ತಾರಸಿಗೆ ತಗೊಂಡು ಹೋಗು.”

ಗೆದ್ದ ಅಮ್ಮನಿಗೂ ಅದು ಹಿಡಿಸಿದಂತೆ ಕಾಣಲಿಲ್ಲ.

“ಹಾಗೆ ಕಡ್ಡಿ ಮುರಿದಂತೆ ಹೇಳಿದ್ರೆ ಹೇಗೇ? ಪಾಪ, ಅಷ್ಟು ಮೆಟ್ಟಿಲು ಹತ್ತಬೇಕಲ್ಲ, ಅವನ ಮಂಡಿ ಮೊದಲೇ...”

“ನೋಡಮ್ಮ, ನೀನಾದ್ರೂ ಹೇಳು. ನನ್ನ ಕಡೆ ಪೂರ್ತಿ ಕೇಳಿಸಿಕೊಳ್ಳದೆ ಇವಳು...” ಎಂದು ಅಣ್ಣ ಅಮ್ಮನ ಕಡೆ ತಿರುಗಿದ. ಬಾಗಿಲಲ್ಲಿ ಜಾಗವಾಯಿತು. ಅವರಿಬ್ಬರೂ ಒಂದಾಗಿ ಅವಳದ್ದೇ ತಪ್ಪೆಂದು ಹೇಳುವುದನ್ನು ಬೆನ್ನಿಗೆ ಕೇಳಿಸಿಕೊಳ್ಳುತ್ತಾ ಅವಳು ಮೆಟ್ಟಿಲಿಳಿದು ಬಸ್ಸಿನ ಕಡೆ ನಡೆದಳು.