ಬಚ್ಚಲ ಬಾಗಿಲ ಚಿಲಕ

ವ್ಯಸನಮುಕ್ತಿ ಕೇಂದ್ರದಿಂದ ನನ್ನ ತಮ್ಮ ಕಮಲಾಪುರದ ಮನೆಗೆ ಮರಳಿದಾಗ ನಮ್ಮ ಬಚ್ಚಲ ಬಾಗಿಲಿಗೆ ಚಿಲಕವಿರಲಿಲ್ಲ. ಹಿಂದಿನ ವರ್ಷ ಅವನು ಒಳಗಿನಿಂದ ಚಿಲಕ ಹಾಕಿಕೊಂಡು, ಅಮಲಿನ ಮಾತ್ರೆ ನುಂಗಿ, ಎಚ್ಚರ ತಪ್ಪಿ ಬಿದ್ದಿದ್ದ. ನೆರೆಯವರು ಬಾಗಿಲು ಒದ್ದು ಹೊರಗೆ ತಂದಿದ್ದರು. ಮುರಿದ ಚಿಲಕವನ್ನು ಅವ್ವ ಮತ್ತೆ ಹಾಕಿಸಲೇ ಇಲ್ಲ.

ಬಂದವನು ಬೇರೆಯೇ ಮನುಷ್ಯನಾಗಿದ್ದ. ಚಹಾಕ್ಕೆ ನಾಲ್ಕು ಚಮಚ ಸಕ್ಕರೆ, ಕೂತಲ್ಲೇ ಐದು ಕೆಂಪು ಬಾಳೆಹಣ್ಣು. ಬೆಳಿಗ್ಗೆ ಏಳರ ಬಸ್ಸು ಹಿಡಿದು ಕಲಬುರಗಿಯ ಗ್ಯಾರೇಜಿಗೆ ಕೆಲಸಕ್ಕೆ ಹೋಗತೊಡಗಿದ. ಆದರೆ ಅವನು ಜಳಕಕ್ಕೆ ಹೋದರೆ ಸಾಕು, ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಬಚ್ಚಲ ಬಾಗಿಲಲ್ಲಿ ಕಾವಲು ನಿಲ್ಲುತ್ತಿದ್ದಳು. ಅವನಿಗೆ ಅದು ತಿಳಿಯದೆ ಇರುತ್ತದೆಯೇ? ಒಂದು ದಿನ ಒಳಗಿನಿಂದ ಕಂಡಕ್ಟರನಂತೆ ಕೂಗತೊಡಗಿದ. ಮೊದಲ ಚೊಂಬಿಗೆ, “ಕಮಲಾಪುರ, ಹತ್ರಿ ಹತ್ರಿ!” ಸಾಬೂನು ಹಚ್ಚುವಾಗ, “ಮಹಾಗಾಂವ ಕ್ರಾಸ್!” ಕೊನೆಯ ಚೊಂಬಿಗೆ, “ಕಲಬುರಗಿ ಬಂತು, ಇಳೀರಿ!” ಅವ್ವ ನಕ್ಕು ಒಲೆಯ ಮುಂದೆ ಹೋಗಿ ಕೂತಳು. ಅಂದಿನಿಂದ ದಿನಾ ನಮ್ಮ ಬಚ್ಚಲಿನಿಂದ ಒಂದು ಬಸ್ಸು ಹೊರಡುತ್ತಿತ್ತು.

ನನಗೆ ಮಾತ್ರ ಸಿಟ್ಟು. ಮೂವತ್ತು ವರ್ಷದ ಗಂಡಸು ಮೈ ತೊಳೆಯುವುದನ್ನೂ ಸಾರಿ ಹೇಳಬೇಕೇ? ಶಾಲೆಯಲ್ಲಿ ಪಾಠ ಹೇಳುವವಳಾದ್ದರಿಂದ ಉಪದೇಶಕ್ಕೆ ನನ್ನ ಬಾಯಿ ಸದಾ ಸಿದ್ಧ.

“ನಂಬಬೇಕವ್ವ. ಇನ್ನಾ ಎಷ್ಟ್ ದಿನ ಕಾಯ್ತಿ?” ಎಂದು ಜೋರು ಮಾಡಿದೆ.

“ನಂಬೀನಿ. ಕಿವಿ ಕೇಳಬೇಕಲ್ಲ” ಎಂದಳು ಅವ್ವ.

ಒಂದು ಮುಂಜಾನೆ ಮಹಾಗಾಂವ ಕ್ರಾಸ್ ಆದಮೇಲೆ ಕೂಗು ನಿಂತುಹೋಯಿತು. ನೀರಿನ ಸದ್ದೂ ಇಲ್ಲ. ಅವ್ವ ಹಿಟ್ಟಿನ ಕೈಯಲ್ಲೇ ಓಡಿದಳು. ದೂಡಿದರೆ ತೆರೆಯುವ ಬಾಗಿಲು. ಅದರ ಮೇಲೆ ಕೈಯಿಟ್ಟಳು, ದೂಡಲಿಲ್ಲ.

“ಮಹಾಗಾಂವದಾಗ ಯಾಕ ನಿಂತದಪಾ ಬಸ್ಸು?”

“ಕಣ್ಣಾಗ ಸಾಬೂನ ಹೋಗ್ಯಾದವ್ವ, ತಡಿ!”

ಅವ್ವ ಅಲ್ಲೇ ಕುಸಿದು ಕೂತು ಅತ್ತಳು. ಅವನು ಹೊರಬಂದಾಗ ಕಣ್ಣೊರೆಸಿಕೊಂಡು, “ಸಂಜಿಗಿ ಬರೋವಾಗ ಒಂದ್ ಚಿಲಕ ತೊಗೊಂಡ್ ಬಾ” ಎಂದಳು. ಅವನು ಸಂಜೆ ಚಿಲಕ ತಂದು ತಾನೇ ಸ್ಕ್ರೂ ಬಿಗಿದ.

ಮರುದಿನ ಚಿಲಕ ಹಾಕಿದ ಸದ್ದು ಕೇಳಿತು. ಆಮೇಲೆ ಕೂಗಿಲ್ಲ. ಸ್ವಲ್ಪ ಹೊತ್ತಿಗೆ ನೀರಿನ ಸದ್ದೂ ನಿಂತಿತು. ಅಡುಗೆಮನೆಯಲ್ಲಿ ಅವ್ವನ ಕೈ ತಾಳ ತಪ್ಪದೆ ರೊಟ್ಟಿ ಬಡಿಯುತ್ತಿತ್ತು. ಬಚ್ಚಲ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದವಳು ನಾನು.

ಬಾಗಿಲು ತೆರೆಯಿತು. ತಲೆ ಒರೆಸಿಕೊಳ್ಳುತ್ತ ತಮ್ಮ ನನ್ನನ್ನು ನೋಡಿ ನಕ್ಕ.

“ಅಕ್ಕಾ, ಕಲಬುರಗಿ ಬಂದದ. ಇಳಿ.”