ಎಡದ ಪೆಟ್ಟಿಗೆ

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ದಿನ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ನನ್ನ ಕಿರಿಯ ಭಾಮೈದನ ಹದಿನಾಲ್ಕು ವರ್ಷ ಬೇರೆ ಥರ ಕಳೆಯುತ್ತಿದ್ದವು. ಆದರೆ ನಾನು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವನು. ಎದುರಿಗೆ ಏನು ಕಂಡರೂ ಇದು ಆ ಗೂಡಿಗೆ, ಇದು ಈ ಗೂಡಿಗೆ ಎಂದು ಕೈ ತಾನಾಗಿಯೇ ಹೋಗುತ್ತದೆ.

ಮಾವನವರು ತೀರಿಕೊಂಡು ತಿಂಗಳಾಗಿತ್ತು. ಶಾಲೆಯ ಡ್ರಾಯಿಂಗ್ ಮೇಷ್ಟರಾಗಿದ್ದವರು, ಬಾಡಿಗೆ ಮನೆಯಲ್ಲೇ ಆಯುಸ್ಸು ಕಳೆದವರು. ಆ ಮನೆ ಖಾಲಿ ಮಾಡಬೇಕಿತ್ತು. ಮಂಚ, ಬೀರು, ಪಾತ್ರೆ ಎಲ್ಲ ಸದ್ದುಗದ್ದಲವಿಲ್ಲದೆ ಪಾಲಾದವು. ಉಳಿದದ್ದು ಹಾಡಿನ ಸಾಮಾನು: ಒಂದು ರೆಕಾರ್ಡ್ ಪ್ಲೇಯರ್, ಒಂದು ಆಂಪ್ಲಿಫೈಯರ್, ನೂರಿಪ್ಪತ್ತು ರೆಕಾರ್ಡು, ಮತ್ತೆ ಸೊಂಟದೆತ್ತರದ ಎರಡು ಸ್ಪೀಕರ್ ಪೆಟ್ಟಿಗೆ. ಯಾವುದೋ ಕ್ಲಬ್ಬು ಮುಚ್ಚಿದಾಗ ಮಾವ ತಂದದ್ದು. ತೇಗದ ತೆಳು ಹಾಳೆ ಅಂಟಿಸಿದ ಮೈ, ಮುಂದೆ ಬಿಗಿದ ಕಂದು ಬಟ್ಟೆ. ಎರಡರ ನಡುವೆ ಮಾವ ತೋರಿಸಿದ ಜಾಗದಲ್ಲಿ ಕೂತರೆ ಹಾಡುವವರು ಆ ಪೆಟ್ಟಿಗೆಯಲ್ಲೂ ಇರುತ್ತಿರಲಿಲ್ಲ, ಈ ಪೆಟ್ಟಿಗೆಯಲ್ಲೂ ಇರುತ್ತಿರಲಿಲ್ಲ. ನಡುಮಧ್ಯೆ, ಖಾಲಿ ಗೋಡೆಯ ಮುಂದೆ ನಿಂತು ಹಾಡಿದ ಹಾಗೆ ಕೇಳುತ್ತಿತ್ತು. ಸಂಗೀತದ ಗಂಧಗಾಳಿ ಇಲ್ಲದ ನನಗೂ ಮೈ ಜುಮ್ಮೆಂದಿತ್ತು.

ಹಿರಿಯ ಮಗ ನಾನು, ಜೋಡಿ ನನಗೆ ಸೇರಬೇಕು ಎಂದ ಹಿರಿಯ ಭಾಮೈದ. ಇಷ್ಟು ವರ್ಷ ಒರೆಸಿದ್ದು, ಮುಳ್ಳು ಬದಲಾಯಿಸಿದ್ದು, ತಂತಿ ಬೆಸೆದದ್ದು ನಾನು ಎಂದ ಕಿರಿಯವನು. ಮಾತಿಗೆ ಮಾತು ಬೆಳೆದು, ಅಪ್ಪನ ಕೊನೆಗಾಲದಲ್ಲಿ ಆಸ್ಪತ್ರೆಗೆ ಯಾರು ಎಷ್ಟು ಸಲ ಬಂದರು ಎಂಬಲ್ಲಿಗೆ ಹೋಯಿತು. ನನ್ನ ಹೆಂಡತಿ, ಅವರಿಬ್ಬರಿಗೂ ಅಕ್ಕ, ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ವಾತಾವರಣ ತಿಳಿ ಮಾಡೋಣವೆಂದು, “ಹೆಂಗೂ ಎರಡಿದೆಯಲ್ಲ, ಒಂದೊಂದು ತಗೊಳ್ಳಿ” ಎಂದೆ.

ನಗುತ್ತಾರೆ ಅಂದುಕೊಂಡಿದ್ದೆ. ಹಿರಿಯವನು ಎದ್ದು ಬಲಗಡೆಯದನ್ನು ಹೊತ್ತುಕೊಂಡು ನಡೆದೇಬಿಟ್ಟ. ಕಿರಿಯವನು ಎಡಗಡೆಯದರ ಜೊತೆ ಆಂಪ್ಲಿಫೈಯರು, ಪ್ಲೇಯರನ್ನೂ ತೆಗೆದುಕೊಂಡ. ಅದನ್ನು ನೋಡಿ ಹಿರಿಯವನು ವಾಪಸು ಬಂದು ನೂರಿಪ್ಪತ್ತು ರೆಕಾರ್ಡನ್ನೂ ಹೊತ್ತುಕೊಂಡು ಹೋದ. ದಾರಿಯಲ್ಲಿ ನನ್ನ ಹೆಂಡತಿ, “ಒಂದು ಜೊತೆ ಚಪ್ಪಲೀನ ಇಬ್ಬರಿಗೆ ಹಂಚಿದ ಹಾಗಾಯ್ತು ನಿಮ್ಮ ಬುದ್ಧಿ” ಎಂದಳು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆ ಕಟ್ಟಿದವನು ಇಂಥದೇ ಮನೆಯ ಅಳಿಯನಿರಬೇಕು. ಅವತ್ತಿನಿಂದ ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. ಎರಡು ಮನೆಗೂ ನಾಲ್ಕೇ ಬಸ್ ನಿಲ್ದಾಣದ ದೂರ. ಸುದ್ದಿ ಮುಟ್ಟಿಸಲು ಅಂಚೆಯವನು ನಾನಿದ್ದೆ.

ಕಿರಿಯವನ ಕಸುಬು ಕಟ್ಟುಹಲ್ಲು ಮಾಡುವುದು. ದಂತವೈದ್ಯರು ಕಳಿಸಿದ ಅಚ್ಚಿನಲ್ಲಿ ಪ್ಲಾಸ್ಟರ್ ಎರೆದು, ಮೇಣದಲ್ಲಿ ವಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸುವ ಕೆಲಸ. ನಾವೆಲ್ಲ ಅವನನ್ನು ಹಲ್ಲು ಮೇಸ್ತ್ರಿ ಎಂದೇ ಕರೆಯುವುದು. ಕೈ ಬಹಳ ನಾಜೂಕು, ಬಾಯಿ ಅಷ್ಟೇ ಬಿಗಿ. ಸಾವಿರಾರು ಜನರ ನಗು ಮಾಡಿಕೊಟ್ಟವನ ಹಲ್ಲನ್ನು ನಾವು ನೋಡಿದ್ದೇ ಕಡಿಮೆ.

ಅವನ ಮನೆಯ ಮುಂದಿನ ಕೋಣೆಯಲ್ಲಿ ಎಡದ ಪೆಟ್ಟಿಗೆ ಬಂದು ಕೂತಿತು. ಎಲ್ಲೆಲ್ಲೋ ಸಿಕ್ಕ ಹಳೆಯ ರೆಕಾರ್ಡು ಕೊಂಡು ತಂದು ಹಚ್ಚುತ್ತಿದ್ದ; ಒಂದೆರಡು ವರ್ಷ ಪೆಟ್ಟಿಗೆಯನ್ನು ಬಿಚ್ಚಲಿಲ್ಲ. ಒಂದು ದಿನ ಅದು ಗರಗರ ಅನ್ನತೊಡಗಿತು. ಬಟ್ಟೆ ತೆಗೆದು ನೋಡಿದರೆ, ದೊಡ್ಡ ಸ್ಪೀಕರಿನ ಕಾಗದದ ಕೋನಿಗೆ ಸುತ್ತಲೂ ಆಧಾರವಾಗಿರುವ ಫೋಮಿನ ಬಳೆ ಹುಡಿಹುಡಿಯಾಗಿ ಉದುರುತ್ತಿತ್ತು. ಈ ಫೋಮಿನ ಹಣೆಬರಹವೇ ಅಷ್ಟಂತೆ. ಆಡಿಸಿದರೂ, ಆಡಿಸದೆ ಮುಚ್ಚಿಟ್ಟರೂ, ವಯಸ್ಸಾದ ಮೇಲೆ ಕರಿ ಪುಡಿಯಾಗುತ್ತದೆ. ಮೇಸ್ತ್ರಿ ಹಲ್ಲು ಕೆರೆಯುವ ಸಲಾಕೆಯಲ್ಲಿ ಹಳೆಯ ಅಂಟನ್ನೆಲ್ಲ ಕೆರೆದು, ಹೊಸ ಬಳೆ ತರಿಸಿ ಕೂರಿಸಿದ. ಪೆಟ್ಟಿಗೆ ಮತ್ತೆ ಹಾಡಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಂದು ಸಲ ಬಿಚ್ಚಿದ ಕೈ ಸುಮ್ಮನಿರುತ್ತದೆಯೇ? ಒಳಗಿನ ಹಳೆಯ ಕೆಪಾಸಿಟರುಗಳನ್ನು ಕಿತ್ತು ಹೊಸದು ಹಾಕಿದ. ಎತ್ತರದ ಸ್ವರಗಳ ಸಣ್ಣ ಸ್ಪೀಕರ್ ಮಂಕಾಗಿದೆ ಎನ್ನಿಸಿ ಬೇರೆಯದನ್ನು ತಂದ; ಅದು ತೂತಿಗೆ ಹಿಡಿಸದಾಗ ಮುಂದಿನ ಹಲಗೆಯನ್ನೇ ಕೊರೆದ. ತಾಮ್ರದ ಸುರುಳಿಯಿಂದ ಹನ್ನೊಂದು ಸುತ್ತು ಬಿಚ್ಚಿದ. ಮಂದ್ರ ಸಾಲದೆನ್ನಿಸಿ ಬೆನ್ನಿಗೆ ಅಂಗೈಯಗಲದ ತೂತು ಹೊಡೆದು ಕೊಳವೆ ಸಿಕ್ಕಿಸಿದ. ಕಿತ್ತದ್ದನ್ನೆಲ್ಲ ಗುಜರಿಯವನಿಗೆ ಹಾಕಿದ. ಕೊನೆಗೆ ತೇಗದ ಮೈಗೆ ಕರಿ ಬಣ್ಣ ಬಳಿದ. ಅವನ ಹೆಂಡತಿ, ಈ ಮನೆಯಲ್ಲಿ ನನಗಿಂತ ಆ ಪೆಟ್ಟಿಗೆಗೇ ಹೆಚ್ಚು ಸಲ ಆಪರೇಷನ್ ಆಗಿದೆ ಎಂದು ನಗುತ್ತಿದ್ದಳು. ಎರಡು ಹೆರಿಗೆಯೂ ಅವಳಿಗೆ ಹೊಟ್ಟೆ ಕುಯ್ದೇ ಆಗಿದ್ದವು.

ಇದೆಲ್ಲ ಯಾಕಯ್ಯ ಎಂದು ಒಂದು ಭಾನುವಾರ ಕೇಳಿದೆ. ಅಣ್ಣನ ಹತ್ತಿರ ಇರುವುದಕ್ಕಿಂತ ಇದು ಚೆನ್ನಾಗಿ ಹಾಡಬೇಕು ಎಂದ, ಅಷ್ಟೆ. ಹಠ! ಅಣ್ಣನ ಪೆಟ್ಟಿಗೆಯೋ ಹಾಡುವುದೇ ಇಲ್ಲ, ಅವನ ಹತ್ತಿರ ಆಂಪ್ಲಿಫೈಯರೇ ಇಲ್ಲವಲ್ಲ. ಹಾಡದ ಪೆಟ್ಟಿಗೆಯ ಜೊತೆ ಹನ್ನೆರಡು ವರ್ಷ ಪಂದ್ಯಕ್ಕೆ ಬಿದ್ದವನಿಗೆ ಏನು ಹೇಳುವುದು? ಸುಳ್ಳೇಕೆ, ಎಡದ ಪೆಟ್ಟಿಗೆ ಒಂಟಿಯಾಗಿಯೇ ಅದ್ಭುತವಾಗಿ ಹಾಡುತ್ತಿತ್ತು. ನಾನು ಪ್ರತಿ ಭಾನುವಾರ ಹೋಗಿ ಕೂರುತ್ತಿದ್ದೆ. ಅದರಲ್ಲಿ ಹೆಂಗಸರು ಹಾಡಿದರೆ ಉಸಿರೆಳೆದುಕೊಳ್ಳುವುದು ಕೂಡ ಕೇಳುತ್ತಿತ್ತು.

ಹಿರಿಯವನ ದಾರಿಯೇ ಬೇರೆ. ನೀರು ಸರಬರಾಜು ಕಚೇರಿಯ ಹೆಡ್ ಗುಮಾಸ್ತ. ಅಪ್ಪ ಮುಚ್ಚಿದ ಪೆಟ್ಟಿಗೆಯನ್ನು ಯಾರೂ ತೆಗೆಯಬಾರದು ಎಂದು ಕಟ್ಟಪ್ಪಣೆ ಮಾಡಿ, ಅದಕ್ಕೊಂದು ಬಿಳಿ ಚಾದರ ಹೊದಿಸಿಟ್ಟಿದ್ದ. ಅದರ ಮೇಲೆ ಒಂದು ಲೋಟ ಇಡುವ ಹಾಗಿಲ್ಲ. ಆಡಿಸಲು ಯಂತ್ರವಿಲ್ಲದ ರೆಕಾರ್ಡುಗಳನ್ನು ತಿಂಗಳಿಗೊಮ್ಮೆ ಒರೆಸಿಡುತ್ತಿದ್ದ. ತಮ್ಮ ತನ್ನದನ್ನು ಬಿಚ್ಚಿದ್ದಾನೆ ಎಂದು ಅವನಿಗೆ ನಾನು ಹೇಳಿರಲಿಲ್ಲ. ಅಂಚೆಯವನಿಗೆ ಯಾವ ಕಾಗದ ತಡಮಾಡಬೇಕು ಎಂಬುದೂ ಗೊತ್ತಿರುತ್ತದೆ.

ಹದಿನಾಲ್ಕನೆಯ ವರ್ಷ ಅರ್ಧ ಕಳೆಯುತ್ತಿದ್ದಂತೆ ಹಿರಿಯವನು ಹಾಸಿಗೆ ಹಿಡಿದ. ಶ್ವಾಸಕೋಶ. ಇನ್ನು ಕೆಲವು ತಿಂಗಳು ಎಂದರು ಡಾಕ್ಟರು. ಅವನ ಬಲಗಿವಿ ಮೊದಲೇ ಹೋಗಿತ್ತು. ಎಡಗಿವಿಗೆ ಕೊಟ್ಟ ಅರ್ಜಿ ಮಾತ್ರ ಮಂಜೂರು, ಬಲಗಿವಿಗೆ ಕೊಟ್ಟದ್ದು ಕಸದಬುಟ್ಟಿಗೆ ಎಂದು ಕಚೇರಿಯಲ್ಲಿ ಹಾಸ್ಯ ಮಾಡುತ್ತಿದ್ದರಂತೆ. ಒಂದು ದಿನ ನನ್ನನ್ನು ಕರೆಸಿದ. ದಿಂಬಿಗೆ ಒರಗಿಕೊಂಡು, ಮೇಲುಸಿರಿನ ನಡುವೆ ಹೇಳಿದ:

“ಭಾವ, ಅವನಿಗೆ ಹೇಳಿ. ಎಡಗಡೆದು ತಗೊಂಡು ಬರ್ಲಿ. ಎರಡೂ ಜೊತೇಲಿ ಒಂದ್ಸಲ ಕೇಳ್ಬೇಕು.”

ಅದನ್ನು ಕೇಳಿ ಮೇಸ್ತ್ರಿ ಕೈಯಲ್ಲಿದ್ದ ಹಲ್ಲಿನ ಸಾಲನ್ನು ಮೇಜಿನ ಮೇಲಿಟ್ಟ. ಮುಖ ಅರಳಿದ್ದನ್ನು ನಾನು ನೋಡಿದೆ, ಅಣ್ಣ ಕರೆದಿದ್ದಾನೆ! ಮರುಕ್ಷಣ ಅವನ ಕಣ್ಣು ಕರಿ ಪೆಟ್ಟಿಗೆಯ ಕಡೆ ಹೋಯಿತು. ಆಗ ಮುಖ ಬಾಡಿದ್ದನ್ನೂ ನೋಡಿದೆ. ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಆದರೆ ಅವನು ಬರಿಸಿಯೇ ತೀರುತ್ತೇನೆ ಎಂದು ಹೊರಟ. ಅಣ್ಣ ಬದುಕಿರುವಾಗಲೇ ಪೆಟ್ಟಿಗೆ ಮೊದಲಿನಂತಾಗಬೇಕು, ಜೋಡಿ ಕೂಡಬೇಕು, ಅಣ್ಣನ ಬಾಯಿಂದ ಒಂದು ಮಾತು ಬರಬೇಕು. ಅವನಿಗೆ ಬೇಕಾಗಿದ್ದು ಅಷ್ಟೇ.

ಮೂರು ತಿಂಗಳು ಹಲ್ಲಿನ ಲ್ಯಾಬಿನಿಂದ ಬಂದವನೇ ಬಿಚ್ಚಲು ಕೂರುತ್ತಿದ್ದ. ಬೆನ್ನಿನ ತೂತಿಗೆ ಪ್ಲೈವುಡ್ಡಿನ ಬಿಲ್ಲೆ ಕೊರೆದು ಮುಚ್ಚಿದ. ಬಣ್ಣವನ್ನು ಗಾಜಿನ ಚೂರಿನಿಂದ ಕೆರೆದು ತೇಗವನ್ನು ಹೊರಗೆ ತಂದ. ಅದೇ ಕಾಲದ ಸಣ್ಣ ಸ್ಪೀಕರಿಗಾಗಿ ಗುಜರಿ ಅಂಗಡಿಗಳನ್ನೆಲ್ಲ ಅಲೆದು, ಯಾವುದೋ ಸತ್ತ ರೇಡಿಯೋಗ್ರಾಮಿನಿಂದ ಒಂದನ್ನು ಕಿತ್ತು ತಂದ. ಸುರುಳಿಗೆ ಹನ್ನೊಂದು ಸುತ್ತು ಮತ್ತೆ ಸುತ್ತಿದ. ಕೊರೆದ ಹಲಗೆಯ ಅಂಚಿಗೆ ವಸಡು ತಿದ್ದಿದ ಹಾಗೆ ಪುಟ್ಟಿ ತುಂಬಿ ತಿದ್ದಿದ. ನೋಡಲು ಪೆಟ್ಟಿಗೆ ಮೊದಲಿನಂತೆಯೇ ಆಯಿತು. ಹನ್ನೆರಡು ವರ್ಷ ಅವನು ಗಳಿಸಿದ್ದ ಆ ದನಿ ಮಾತ್ರ ಹೋಯಿತು. ಹೆಂಗಸರ ಉಸಿರು ಇನ್ನು ಕೇಳುತ್ತಿರಲಿಲ್ಲ. ಅವನು ಕಂದು ಬಟ್ಟೆಯನ್ನು ಎಳೆದು ಮತ್ತೆ ಬಿಗಿದ.

ಇನ್ನೊಂದು ಭಯವಿತ್ತು. ಬಲದ ಪೆಟ್ಟಿಗೆಯೊಳಗಿನ ಫೋಮೂ ಇಷ್ಟು ಹೊತ್ತಿಗೆ ಪುಡಿಯಾಗಿರಲೇಬೇಕು. ಒಂದು ದಿನದ ಮಟ್ಟಿಗೆ ಅದನ್ನು ಕೊಟ್ಟರೆ ಬಳೆ ಬದಲಾಯಿಸಿಬಿಡುತ್ತೇನೆ, ಕಾರಣ ಹೇಳಬೇಡಿ, ಧೂಳು ಹೊಡೆಯಲು ಅನ್ನಿ ಎಂದು ಮೇಸ್ತ್ರಿ ನನ್ನನ್ನು ಕಳಿಸಿದ. ಹಿರಿಯವನು ಕೇಳಿಸಿಕೊಂಡು ಆಗದು ಎಂದು ತಲೆಯಾಡಿಸಿದ. ಅಪ್ಪ ಹೇಗೆ ಬಿಟ್ಟುಹೋದರೋ ಹಾಗೇ ಇದೆ, ಹಾಗೇ ಇರಬೇಕು. ಜೀವನದಲ್ಲಿ ನಾನು ನೆಟ್ಟಗೆ ಉಳಿಸಿಕೊಂಡದ್ದು ಅದೊಂದೇ ಎಂದ. ಅವನ ಹೆಂಡತಿ ಚಾದರದ ಮೇಲಿನ ಸುಕ್ಕನ್ನು ಕೈಯಿಂದ ಸರಿಮಾಡಿದಳು. ನಾನು ಎದ್ದು ಬಂದು ಆ ಮಾತನ್ನು ಹಾಗೇ ಮೇಸ್ತ್ರಿಗೆ ಮುಟ್ಟಿಸಿದೆ.

ಒಂದು ಶನಿವಾರ ಮಧ್ಯಾಹ್ನ ಬಾಡಿಗೆ ವ್ಯಾನಿನಲ್ಲಿ ಎಡದ ಪೆಟ್ಟಿಗೆ, ಆಂಪ್ಲಿಫೈಯರು, ಪ್ಲೇಯರು ಇಟ್ಟುಕೊಂಡು ಹೋದೆವು. ರೋಗಿಯ ಕೋಣೆ ಚಿಕ್ಕದು. ಮಂಚದ ಕಾಲ ಬಳಿ, ಕಿಟಕಿಯ ಆಚೀಚೆ ಎರಡೂ ಪೆಟ್ಟಿಗೆ ನಿಂತವು. ಹದಿನಾಲ್ಕು ವರ್ಷದ ಮೇಲೆ ಎದುರಾದ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ನೋಡಿಕೊಂಡು, ತಕ್ಷಣ ಇಬ್ಬರೂ ಪೆಟ್ಟಿಗೆಗಳನ್ನು ನೋಡತೊಡಗಿದರು. ಬಲದ್ದರ ಫೋಮಿಗೆ ಪೆಟ್ಟು ಬೀಳದಿರಲೆಂದು ಮೇಸ್ತ್ರಿ ಜಾಣತನದಿಂದ ಬರೀ ಒಂಟಿ ದನಿಯ, ತಬಲಾ ಮೃದಂಗವಿಲ್ಲದ ರೆಕಾರ್ಡೊಂದನ್ನು ಹುಡುಕಿ ಮೆಲ್ಲಗೆ ಹಚ್ಚಿದ.

ಹಾಡು ಬಂತು. ಯಾರೋ ಮುದುಕಿಯ ದನಿ ಕಿಟಕಿಯ ಮುಂದೆ ಬಂದು ನಿಂತ ಹಾಗೇ ಇತ್ತು, ಇಲ್ಲವೆನ್ನಲಾರೆ. ಮೇಸ್ತ್ರಿ ನನ್ನ ಕಡೆ ನೋಡಿದ. ಮೂರು ತಿಂಗಳ ಕೆಲಸ ಕೂಡಿಬಂದಿತ್ತು. ಹಿರಿಯವನು ಕಣ್ಣು ಮುಚ್ಚಿದ್ದ. ಆಮೇಲೆ ಕೈಯೆತ್ತಿ, ಜೋರಾಗಿ ಇಡು ಎಂದು ಸನ್ನೆ ಮಾಡಿದ. ಇಷ್ಟೇ ಸಾಕು ಎಂದ ತಮ್ಮ. ಇನ್ನೂ ಎಂದು ಕೈ ಮೇಲೆದ್ದಿತು. ಸಾಯುವ ಅಣ್ಣನಿಗೆ ಎಷ್ಟು ಸಲ ಇಲ್ಲ ಅನ್ನುವುದು? ಮೇಸ್ತ್ರಿ ತಿರುಗಣೆ ತಿರುಗಿಸಿದ.

ಹರಿದ ತಗಡು ಗಾಳಿಗೆ ಬಡಿದುಕೊಂಡ ಹಾಗೆ ಗರಗರ ಸದ್ದು ಕೋಣೆ ತುಂಬಿತು. ಬಲದ ಪೆಟ್ಟಿಗೆ. ನಾನು ಅದರ ಪಕ್ಕದಲ್ಲೇ ನಿಂತಿದ್ದೆ; ಬಟ್ಟೆಯ ಕೆಳಗಿನ ಸಂದಿಯಿಂದ ಕರಿ ಪುಡಿ ನೆಲಕ್ಕೆ ಉದುರಿತು. ಮೇಸ್ತ್ರಿ ಸದ್ದು ನಿಲ್ಲಿಸಿ, ತಂತಿ ನೋಡುವವನ ಹಾಗೆ ಬಗ್ಗಿ, ಆ ಪುಡಿಯನ್ನು ಕರವಸ್ತ್ರಕ್ಕೆ ಬಳಿದು ಜೇಬಿಗೆ ಹಾಕಿಕೊಂಡ. ಒಂದೇ ಕಿವಿಯವನಿಗೆ ಸದ್ದು ಯಾವ ಕಡೆಯಿಂದ ಬಂತೆಂದು ಗೊತ್ತಾಗುವುದಿಲ್ಲವಂತೆ. ಹಿರಿಯವನು ಕಣ್ಣು ತೆರೆದು ನೇರವಾಗಿ ತಮ್ಮನನ್ನು ನೋಡಿದ.

“ಏನ್ ಮಾಡಿದೀಯೋ ನಿನ್ನದಕ್ಕೆ?”

ನಾನು ಬಾಯಿ ತೆರೆದೆ. ಹದಿನಾಲ್ಕು ವರ್ಷದ ಹಿಂದೆ ಆಡಬಾರದ ಮಾತು ಆಡಿದ್ದೆ, ಈಗಲಾದರೂ ಆಡಬೇಕಾದ್ದನ್ನು ಆಡಿಬಿಡುತ್ತಿದ್ದೆ. ಮೇಸ್ತ್ರಿ ನನ್ನ ಮಣಿಕಟ್ಟನ್ನು ಹಿಡಿದು ಅದುಮಿದ.

“ಹೌದು ಅಣ್ಣ. ಬಿಚ್ಚಿದೆ. ನನ್ನ ಕೈ ಸುಮ್ನಿರ್ಲಿಲ್ಲ, ಹಾಳುಮಾಡ್ಬಿಟ್ಟೆ.”

ಅಣ್ಣ ಬಹಳ ಹೊತ್ತು ಉಸಿರಿಗಾಗಿ ಒದ್ದಾಡಿದ. ಬೈಯಲಿಲ್ಲ. “ತಗೊಂಡು ಹೋಗು” ಎಂದು ಗೋಡೆ ಕಡೆ ತಿರುಗಿದ.

ವ್ಯಾನಿನಲ್ಲಿ ನಾನು ಕೂಗಾಡಿದೆ. ನಿನಗೇನು ಬಾಯಿಲ್ಲವೇ, ಕೆಟ್ಟದ್ದು ಅವನದು, ಜೇಬಿನಲ್ಲಿ ಸಾಕ್ಷಿ ಇಟ್ಟುಕೊಂಡು ಯಾಕೆ ತಲೆ ಕೊಟ್ಟೆ ಎಂದೆಲ್ಲ ಬೈದೆ. ಅವನು ಆಂಪ್ಲಿಫೈಯರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ಅವನು ಉಳಿಸ್ಕೊಂಡಿದ್ದು ಅದೊಂದೇ ಅಂದಿದ್ದ ಭಾವ, ಅದೂ ಪುಡಿ ಅಂತ ಹೇಗೆ ಹೇಳ್ಲಿ? ಬೈತಾನೆ ಅಂದ್ಕೊಂಡೆ. ಚಿಕ್ಕೋರಿದ್ದಾಗ ಎರಡು ಏಟು ಹೊಡೆದು, ಆಮೇಲೆ ತಾನೇ ಮಾತಾಡಿಸ್ತಿದ್ದ.”

ಯಾರಿಗೂ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡ. ಆಮೇಲೆ ಎರಡು ಸಲ ಅಣ್ಣನನ್ನು ನೋಡಲು ಹೋದ. ಎರಡು ಸಲವೂ ಅಣ್ಣ ನಿದ್ದೆ ಮಾಡುತ್ತಿರುವವನಂತೆ ಮಲಗಿದ್ದ, ಕಣ್ಣುರೆಪ್ಪೆ ಅದುರುತ್ತಿತ್ತಂತೆ. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಹಿರಿಯವನು ಹೋದ. ಸಾವಿನ ಮನೆಯಲ್ಲೇ ನೆಂಟರು ಗುಸುಗುಸು ಮಾತಾಡಿಕೊಂಡರು: ಅಪ್ಪನ ಪೆಟ್ಟಿಗೆ ಕೆಡಿಸಿ, ಸಾಯುವವನ ಕೊನೆ ಆಸೆಗೂ ಕಲ್ಲು ಹಾಕಿದ ತಮ್ಮ. ನನ್ನ ಹೆಂಡತಿ ಕೂಡ ಅವನ ಜೊತೆ ಮಾತು ಕಡಿಮೆ ಮಾಡಿದಳು. ಕೊಟ್ಟ ಮಾತಿಗೆ ಕಟ್ಟುಬಿದ್ದು ನಾನು ಸುಮ್ಮನಿದ್ದೆ. ಈಗ ಬರೆಯುತ್ತಿದ್ದೇನೆ, ಇದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ.

ಹಿರಿಯವನ ಹೆಂಡತಿ ಮಗಳ ಮನೆಗೆ ಹೊರಟು ನಿಂತಾಗ ಬಲದ ಪೆಟ್ಟಿಗೆಯನ್ನು ತಾನೇ ಮೇಸ್ತ್ರಿಯ ಮನೆಗೆ ತಂದಳು. ಅದು ಭಾನುವಾರ, ನಾನೂ ಅಲ್ಲಿದ್ದೆ. ಚಾದರ ಸಮೇತ ಅದನ್ನು ಎಡದ್ದರ ಪಕ್ಕ ಇಳಿಸಿದರು. ಆಕೆ ಕೂರಲಿಲ್ಲ, ನೀರನ್ನೂ ಮುಟ್ಟಲಿಲ್ಲ. ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತಳು.

“ಅವರು ಇದನ್ನ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ರು. ಇದನ್ನಾದ್ರೂ ಹಾಳುಮಾಡ್ಬೇಡಪ್ಪ.”

“ಆಯ್ತು ಅತ್ತಿಗೆ” ಎಂದ ಹಲ್ಲು ಮೇಸ್ತ್ರಿ.