ಹಾಲು ಉಕ್ಕುವ ಹೊತ್ತಿಗೆ ಓಡಿದ ರೈಲು

ಕಳೆದ ಭಾನುವಾರ ನ್ಯಾಮತಿಗೆ ರೈಲು ಬಂತು. ನಗಬೇಡಿ, ನಮ್ಮ ಮನೆಯ ಹಿತ್ತಲಿಗೆ ಬಂತು! ಮೊಳದುದ್ದದ ಇಂಜಿನ್. ಆಟಿಕೆ ಅಂದರೆ ಮಾತ್ರ ನನಗೆ ಕೋಪ ಬರುತ್ತದೆ. ಬ್ಯಾಟರಿ ಇಲ್ಲ, ಕರೆಂಟಿಲ್ಲ. ಬಾಯ್ಲರಿಗೆ ನೀರು ತುಂಬಿ, ಕೆಳಗೆ ಸ್ಪಿರಿಟ್ ದೀಪ ಹಚ್ಚಿದರೆ ನಿಜವಾದ ಹಬೆಯಲ್ಲೇ ಓಡುವ ಉಗಿಬಂಡಿ. (ತಾಲ್ಲೂಕು ಆಯಿತು, ರೈಲು ಬರಲಿಲ್ಲ ಎಂದು ಕೊರಗುವವರು ಬಂದು ನೋಡಬಹುದು.)

ದೂರದ ಊರಿನ ಹವ್ಯಾಸಿಯೊಬ್ಬರು ಒಂದೊಂದನ್ನೇ ಕೈಯಾರೆ ಮಾಡಿಕೊಡುತ್ತಾರೆ. ನಾನು ಆರ್ಡರ್ ಕೊಟ್ಟಾಗ ಮಗಳು ಪಿಯುಸಿ. ನನ್ನ ಸರದಿ ಬರುವಷ್ಟರಲ್ಲಿ ಅವಳ ಡಿಗ್ರಿ ಮುಗಿದು ಮದುವೆಯೂ ಆಗಿತ್ತು. "ಈ ವಯಸ್ಸಿನಾಗೆ ರೈಲಾಟ ಏನ್ರಿ?" ಎಂದು ನೆಂಟರು ಹಂಗಿಸಿದಾಗಲೆಲ್ಲ ನನ್ನ ಪರ ನಿಂತವಳು ಹೆಂಡತಿ ಗಿರಿಜಾ. "ಕುಡಿಯಾದಿಲ್ಲ, ಇಸ್ಪೀಟಿಲ್ಲ. ರೈಲು ತಾನೆ, ಇರ್ಲಿ ಬಿಡ್ರಿ" ಎನ್ನುತ್ತಿದ್ದಳು.

ಅಷ್ಟೇ ಅಲ್ಲ. ನಮ್ಮ ಬೋರ್‌ವೆಲ್ ನೀರು ಕಾಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಬಾಯ್ಲರಿಗೆ ಅದು ವಿಷ. ಮಳೆನೀರು ಹಿಡಿದು, ಬಟ್ಟೆಯಲ್ಲಿ ಸೋಸಿ, ಕೊಡದಲ್ಲಿ ಮುಚ್ಚಿಟ್ಟವಳೂ ಅವಳೇ. ಮೊದಲ ಸುತ್ತು ನಿನಗೇ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಆಮೇಲೆ ಏನು ಮಾಡಿದೆ? ಸಂಭ್ರಮ ತಡೆಯಲಾರದೆ ಇಂಜಿನ್ ಬಂದ ಸುದ್ದಿಯನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹೊನ್ನಾಳಿಯಿಂದ ಷಡ್ಡಕ ಬಸಣ್ಣ ಸಂಸಾರ ಸಮೇತ ಬಂದ. ಅಕ್ಕಪಕ್ಕದವರು ಬಂದರು. ಅವರು ಹೇಳಿದರೆಂದು ಇನ್ಯಾರೋ ಬಂದರು. ನುಗ್ಗೆಮರದ ಸುತ್ತ ನಾನು ಜೋಡಿಸಿದ್ದ ಹಳಿಯ ಮೇಲೆ ಬಸಣ್ಣ ನಿಂಬೆಹಣ್ಣು ಇಡಲು ಹೊರಟ. "ಹೊಸ ಗಾಡಿ ಅಣ್ಣ, ಶಾಸ್ತ್ರ ಬಿಡಾಕೆ ಆಗ್ತೈತಾ?" ಇಂಜಿನ್‌ಗಿಂತ ನಿಂಬೆಹಣ್ಣೇ ಗಟ್ಟಿ ಮಾರಾಯಾ, ಹಳಿ ತಪ್ಪುತ್ತದೆ ಎಂದು ತಡೆದೆ.

ದೀಪ ಹಚ್ಚಿದೆ. ಹಬೆಯ ಒತ್ತಡ ತೋರಿಸುವ ಗೇಜಿನ ಮುಳ್ಳು ಅಲುಗಿತು. "ಗಿರಿಜಾ, ಬಾ!"

"ಬಂದೋರಿಗೆ ಚಾ ಕೊಡ್ದೆ ಹೆಂಗ್ರೀ? ಎರಡು ನಿಮಿಷ ತಡೀರಿ" ಎಂದಳು ಒಳಗಿನಿಂದ.

ಮದುವೆ ದಿಬ್ಬಣ ತಡೆಯುತ್ತದೆ. ಕೈ ಅಡ್ಡ ಹಿಡಿದರೆ ಸವಳಂಗದ ಬಸ್ಸೂ ತಡೆಯುತ್ತದೆ. ಹಬೆ ತಡೆಯುವುದಿಲ್ಲ. ಸೇಫ್ಟಿ ವಾಲ್ವ್ ಬುಸ್ ಎಂದಿತು. ಹಾಗೇ ನಿಲ್ಲಿಸಿದರೆ ನೀರೆಲ್ಲ ಆವಿಯಾಗಿ ಬಾಯ್ಲರ್ ಸುಟ್ಟೇ ಹೋಗುತ್ತದೆ. ಮತ್ತೆ ಕೂಗಿದೆ.

"ಬಂದೇರೀ, ಹಾಲು ಉಕ್ಕಾಕೆ ಬಂದೈತೆ!"

ಹಬೆ ಬಿಟ್ಟೆ. ಇಂಜಿನ್ ಬಿಸಿನೀರು ಉಗುಳಿತು, ಕೆಮ್ಮಿತು, ಒಮ್ಮೆ ಹಿಂದಕ್ಕೆ ಜರುಗಿತು. ಆಮೇಲೆ ಚುಕ್... ಚುಕ್... ಹೊರಟೇಬಿಟ್ಟಿತು! ನನ್ನ ಕಣ್ಣು ತುಂಬಿ ಬಂತು (ಹೇಳಲು ನಾಚಿಕೆಯೇನಿಲ್ಲ). ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಪಿರಿಟ್ ಮುಗಿದು ಇಂಜಿನ್ ನಿಂತ ಮೇಲೆ ಗಿರಿಜಾ ಟ್ರೇ ಹಿಡಿದು ಬಂದಳು.

"ಓಡ್ತಾ?"

"ಓಡ್ತು ಅಕ್ಕಾ, ಸೂಪರ್! ವಿಡಿಯೋ ಮಾಡೀನಿ, ಆಮೇಲೆ ನೋಡು" ಎಂದು ಬಸಣ್ಣ ಲೋಟ ಎತ್ತಿಕೊಂಡ.

"ಹೌದಾ? ಚಲೋ ಆತು" ಎಂದು ನಕ್ಕಳು. ವಿಡಿಯೋದಲ್ಲಿ ಎಲ್ಲರೂ ಇದ್ದಾರೆ. ಅವಳದು ಬರೀ ದನಿ, ಅದೂ ಹಾಲಿನ ವಿಷಯ.

ನಿಮ್ಮ ಮನೆಯ ಕಥೆ ಬೇರೆಯೇ? ಕ್ರಿಕೆಟ್ ಫೈನಲ್ಲಿನ ಕೊನೆಯ ಓವರಿನಲ್ಲಿ, ಮೊಮ್ಮಗುವಿನ ನಾಮಕರಣದಲ್ಲಿ ಹೆಸರು ಕೂಗುವಾಗ, ಒಲೆಯ ಮುಂದೆ ಯಾರಿದ್ದರು?

ಎಲ್ಲರೂ ಹೋದ ಮೇಲೆ, ಇನ್ನೊಮ್ಮೆ ಓಡಿಸುತ್ತೇನೆ ಬಾ ಎಂದೆ. "ಲೋಟ ತೊಳ್ದು ಬರ್ತೀನ್ರೀ" ಎಂದಳು. ಅಷ್ಟೊತ್ತಿಗೆ ನನಗೂ ಬುದ್ಧಿ ಬಂದಿತ್ತು. ದೀಪ ಹಚ್ಚಲಿಲ್ಲ. ಮೊದಲು ಲೋಟ ತೊಳೆದೆ. ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ಆಮೇಲೆ ದೀಪ.

ಇಂಜಿನ್ ನುಗ್ಗೆಮರವನ್ನು ಸುತ್ತಿ ಅವಳ ಕಾಲ ಬಳಿಯೇ ಹಾದುಹೋಯಿತು. ಅವಳು ಕಣ್ಣು ಮಿಟುಕಿಸದೆ ನೋಡಿದಳು. "ಇಷ್ಟು ಚಂದ ಐತೆ ಅಂತ ಯಾರೂ ಹೇಳ್ಲೇ ಇಲ್ವಲ್ರೀ!"

ಅಷ್ಟರಲ್ಲಿ ಗೇಟು ಕಿರ್ ಎಂದಿತು. ಹಿಂದಿನ ಬೀದಿಯ ಮಾಸ್ತರು. "ರೈಲು ಬಂದೈತಂತೆ?" ಗಿರಿಜಾ ಆಗಲೇ ಕುರ್ಚಿಯಿಂದ ಅರ್ಧ ಎದ್ದಿದ್ದಳು. "ಕೂತ್ಕಾ" ಎಂದೆ. ಮಾಸ್ತರಿಗೂ ಒಂದು ಕುರ್ಚಿ ಹಾಕಿದೆ. ಇಂಜಿನ್ ನಿಲ್ಲುವವರೆಗೆ ಮೂವರೂ ನೋಡಿದೆವು. ಚಹಾದ ಮಾತು ಯಾರೂ ಎತ್ತಲಿಲ್ಲ.

ಅವರು ಹೋದ ಮೇಲೆ ಬೈಗುಳ ಶುರುವಾಯಿತು. "ಮಾಸ್ತರಿಗೆ ಒಂದು ಲೋಟ ಚಾ ಇಲ್ಲ! ಮರ್ಯಾದೆ ಹೋತು."

ಇರಬಹುದು. ಆದರೆ ಮನೆಯಾಕೆಯೇ ನೋಡದೆ ಮೊದಲ ಸುತ್ತು ಓಡಿತಲ್ಲ, ಆಗ ಹೋದದ್ದು ಯಾರ ಮರ್ಯಾದೆ?